ವೆಂಕಟಪ್ಪನವರ ಬೆಟ್ಟದ ಚಿತ್ರಗಳು

ಮಡಿಕೇರಿಯಲ್ಲಿ ವಾಸಮಾಡುವವರಿಗೆ ಮಂಜನ್ನು ಕುರಿತು ಯಾರೂ ಪಾಠ ಹೇಳಬೇಕಾಗಿಲ್ಲ. ರಾಜಾಸೀಟಿನಲ್ಲಿ ನಿಂತವರ ಕಣ್ಣೆದುರಿಗೇ ಕೆಳಗಿನ ಕಣಿವೆಯೆಲ್ಲ ಮಾಯವಾಗುವುದನ್ನೂ, ಸ್ವಲ್ಪ ಹೊತ್ತಿನಲ್ಲಿ ಯಾವುದೋ ಒಂದು ಬೆಟ್ಟದ ನೆತ್ತಿ ಮಾತ್ರ ನಡುಗಡ್ಡೆಯಂತೆ ಮೇಲೆದ್ದು ಬರುವುದನ್ನೂ ನಾವು ಬಾಲ್ಯದಿಂದ ಕಂಡಿದ್ದೇವೆ. ಆದರೆ ಇದನ್ನು ಬಣ್ಣದಲ್ಲಿ ಹಿಡಿಯುವುದು ಹೇಗೆಂದು ಕೇಳಿದರೆ ನಮಗೆ ಉತ್ತರ ತೋಚದು. ಬಿಳಿಯ ಬಣ್ಣವನ್ನು ಬಳಿದರೆ ಮಂಜು ಸುಣ್ಣದ ಗೋಡೆಯಾಗುತ್ತದೆ. ಬಳಿಯದೆ ಬಿಟ್ಟರೆ ಕಾಗದ ಬರಿಯ ಕಾಗದವಾಗಿಯೇ ಉಳಿಯುತ್ತದೆ. ಈ ತೊಡಕನ್ನು ಎದುರಿಸಿ ಬಗೆಹರಿಸಿಕೊಂಡ ಚಿತ್ರಕಾರರೊಬ್ಬರು ಕನ್ನಡನಾಡಿನಲ್ಲಿ ಬಾಳಿದರು. ಅವರೇ ಮೈಸೂರಿನ ಕೆ. ವೆಂಕಟಪ್ಪನವರು. ಅವರು ಚಿತ್ರಿಸಿದ್ದು ಉದಕಮಂಡಲ ಮತ್ತು ಕೋಡೈಕನಾಲಿನ ಬೆಟ್ಟಗಳನ್ನು, ಕೊಡಗಿನ ಬೆಟ್ಟಗಳನ್ನಲ್ಲ. ಆದರೂ ಆ ಚಿತ್ರಗಳ ನಿಜವನ್ನು ಒರೆಗೆ ಹಚ್ಚಲು ಬಯಲುಸೀಮೆಯ ವಿಮರ್ಶಕರಿಗಿಂತ ಬೆಟ್ಟದ ಜನರಾದ ನಾವೇ ಹೆಚ್ಚು ಅರ್ಹರೆಂದು ನಮ್ಮ ನಂಬಿಕೆ.

ವೆಂಕಟಪ್ಪನವರು 1886ರಲ್ಲಿ ಚಿತ್ರಗಾರರ ಮನೆತನದಲ್ಲಿ ಹುಟ್ಟಿದರು. ತಂದೆ ಕೃಷ್ಣಪ್ಪನವರು ಮೈಸೂರು ಅರಮನೆಯ ಚಿತ್ರಗಾರರು. ಆ ವೃತ್ತಿಯ ರೀತಿಯನ್ನು ಸ್ವಲ್ಪ ನೆನೆದರೆ ಮಗನ ಮುಂದಿನ ಬಾಳು ಅರ್ಥವಾಗುತ್ತದೆ. ದೇವತೆಗಳ ಚಿತ್ರ, ಉಬ್ಬುಗೆಲಸ, ಅದರ ಮೇಲೆ ಚಿನ್ನದ ರೇಕು, ಇವೆಲ್ಲ ತಂದೆಯಿಂದ ಮಗನಿಗೆ ಬರುವ ಕೈಗುಣ. ಏನನ್ನು ಬರೆಯಬೇಕೆಂಬುದನ್ನು ಶಾಸ್ತ್ರವೂ ಒಡೆಯರೂ ಹೇಳುತ್ತಾರೆ. ಹೇಗೆ ಬರೆಯಬೇಕೆಂಬುದನ್ನು ಮನೆತನ ಹೇಳುತ್ತದೆ. ಬರೆದವನ ಹೆಸರು ಸಾಮಾನ್ಯವಾಗಿ ಪಟದ ಮೇಲೆ ಇರುವುದಿಲ್ಲ. ಅದನ್ನು ಯಾರೂ ಕೇಳುವುದೂ ಇಲ್ಲ. ಇಂಥ ಮನೆಯಲ್ಲಿ ಹುಟ್ಟಿದ ಹುಡುಗನ ಕೈಚಳಕವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಮೆಚ್ಚಿ, ಅವನನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅದು 1909ನೆಯ ಇಸವಿ.

ಆಗಿನ ಮೈಸೂರಿನ ರುಚಿಯಾದರೋ ಬೇರೆ. ತಿರುವಾಂಕೂರಿನ ರಾಜಾ ರವಿವರ್ಮನ ತೈಲಚಿತ್ರಗಳು ಅರಮನೆಯನ್ನು ಸೇರಿದ್ದವು. ಜರತಾರಿ ಸೀರೆಯ ಮಡಿಕೆಯನ್ನೂ ಮೈಯ ಹೊಳಪನ್ನೂ ಕಣ್ಣಿಗೆ ಕಟ್ಟಿದಂತೆ ತೋರಿಸುವ ಆ ಚಿತ್ರಗಳೇ ಕಲೆಯ ಪರಮಾವಧಿಯೆಂದು ಜನ ಬಗೆದಿದ್ದರು. ಕಲ್ಕತ್ತೆಯಲ್ಲಿ ಗಾಳಿ ಇದಕ್ಕೆ ವಿರೋಧವಾಗಿ ಬೀಸುತ್ತಿತ್ತು. ಅಲ್ಲಿ ಗುರುಗಳಾಗಿದ್ದ ಅವನೀಂದ್ರನಾಥ ಠಾಕೂರರು ಯೂರೋಪಿನ ತೈಲಚಿತ್ರದ ಮಾರ್ಗವನ್ನು ತೊರೆದು ಮೊಗಲರ ಕಿರುಚಿತ್ರಗಳ ಕಡೆಗೂ ಜಪಾನಿನ ಕಡೆಗೂ ಮುಖ ತಿರುಗಿಸಿದ್ದರು. 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನಿನ ಚಿತ್ರಕಾರರಿಂದ ಅವರು ತಿಳಿದುಕೊಂಡ ಒಂದು ವಿಧಾನವುಂಟು. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ಅದ್ದಿ ತೆಗೆಯುವುದು, ಆರಿದ ಮೇಲೆ ಮತ್ತೆ ತೆಳುವಾಗಿ ಬಣ್ಣ ಹಚ್ಚುವುದು, ಮತ್ತೆ ಅದ್ದುವುದು. ಹೀಗೆ ಪದರದ ಮೇಲೆ ಪದರ ಕೂಡಿದಂತೆಲ್ಲ ಗೆರೆಗಳ ಅಂಚು ಕರಗಿ, ಚಿತ್ರವನ್ನೆಲ್ಲ ಒಂದು ಮಬ್ಬು ಆವರಿಸುತ್ತದೆ. ಇದನ್ನು ‘ವಾಷ್’ ಎಂದು ಕರೆಯುವರು. ನಂದಲಾಲ ಬೋಸ್, ಅಸಿತಕುಮಾರ ಹಾಲ್ದಾರ್ ಮೊದಲಾದವರು ವೆಂಕಟಪ್ಪನವರ ಸಹಪಾಠಿಗಳು. ಸೋದರಿ ನಿವೇದಿತೆಯೂ ಆನಂದ ಕುಮಾರಸ್ವಾಮಿಯವರೂ ಬರೆದು 1913ರಲ್ಲಿ ಪ್ರಕಟವಾದ ಹಿಂದೂ ಬೌದ್ಧ ಪುರಾಣಕಥೆಗಳ ಗ್ರಂಥಕ್ಕೆ ಈ ಗೆಳೆಯರೆಲ್ಲ ಚಿತ್ರ ಬರೆದುಕೊಟ್ಟರು. ಅದರಲ್ಲಿ ರಾಮಾಯಣದ ಭಾಗದ ಬಹುಪಾಲು ಚಿತ್ರಗಳು ವೆಂಕಟಪ್ಪನವರವು.

ಗುರುವಿನ ಮಬ್ಬು ಶಿಷ್ಯನಿಗೆ ಪೂರ್ತಿ ಒಗ್ಗಲಿಲ್ಲ. ಅರಮನೆಯ ಚಿತ್ರಗಾರನ ಮಗನಿಗೆ ಗೆರೆಯ ಖಚಿತತೆ ರಕ್ತದಲ್ಲಿಯೇ ಬಂದದ್ದು. ಒಂದು ಹಕ್ಕಿಯ ಗರಿಯನ್ನು ಬರೆದರೆ ಗರಿಯ ಎಳೆಯೂ ಕಾಣಬೇಕು. ವಂಗದೇಶದ ಆ ಪಂಥದಲ್ಲಿ ಎಷ್ಟೋ ಮಂದಿ ಮಬ್ಬನ್ನೇ ಭಾವವೆಂದು ಭ್ರಮಿಸಿ, ಬರೆಯಲಾರದ್ದನ್ನು ಹೊಗೆಯಲ್ಲಿ ಮುಚ್ಚಿದರೆಂದು ಹೇಳಿದರೆ ತಪ್ಪಾಗಲಾರದು. ವೆಂಕಟಪ್ಪನವರು ಆ ಗುಂಪಿಗೆ ಸೇರಲಿಲ್ಲ. 1916ರವರೆಗೆ ಕಲ್ಕತ್ತೆಯಲ್ಲಿದ್ದು ಅವರು ನಾಡಿಗೆ ಹಿಂದಿರುಗಿದರು.

ಹಿಂದಿರುಗಿದವರು ವೀಣೆಯ ಬಲೆಗೆ ಬಿದ್ದರು. ವೀಣೆ ಶೇಷಣ್ಣನವರಲ್ಲಿ ಶಿಷ್ಯವೃತ್ತಿ ಮಾಡಿ, ಕುಂಚವನ್ನೂ ಮರೆಯುವಷ್ಟು ಸಾಧನೆಗೆ ತೊಡಗಿದರು. ಗೆಳೆಯರು ಆಕ್ಷೇಪಿಸಿದರೋ ಏನೋ. 1926ರಲ್ಲಿ ವೀಣೆಯ ಹುಚ್ಚು ಹಿಡಿದ ತಮ್ಮನ್ನೇ ತಾವು ಚಿತ್ರವಾಗಿ ಬರೆದು, ನಗುವವರಿಗೆ ಮೊದಲೇ ತಾವು ನಕ್ಕರು. ಮದುವೆಯ ಗೊಡವೆಗೆ ಹೋಗದೆ ಕೊನೆಯವರೆಗೂ ಬ್ರಹ್ಮಚಾರಿಯಾಗಿಯೇ ಉಳಿದರು.

ಅದೇ 1926ರಲ್ಲಿ ಅವರು ಉದಕಮಂಡಲದ ಚಿತ್ರಗಳನ್ನು ಬರೆದದ್ದು, ಕೋಡೈಕನಾಲಿನವು 1934ರವು. ರಾಮನಿಲ್ಲ, ರಾಧೆಯಿಲ್ಲ, ಕಥೆಯೆಂಬುದೇ ಇಲ್ಲ. ಬೆಟ್ಟ, ಮರ, ಮೋಡ, ಬೆಳಕು, ಇಷ್ಟೇ. ಬೆಳಗಿನ ಹೊತ್ತು, ಬೆಳುದಿಂಗಳು, ಮಳೆಗಾಲದ ಮೋಡ ಒಡೆಯುವ ಗಳಿಗೆ, ಹೀಗೆ ಒಂದೊಂದು ಚಿತ್ರಕ್ಕೂ ಒಂದೊಂದು ಹೊತ್ತೇ ವಸ್ತು. ಪುರಾಣವನ್ನು ಬರೆಯುವವನಿಗೆ ಕೇಳುವವರ ನೆನಪು ನೆರವಾಗುತ್ತದೆ. ಜಟಾಯುವನ್ನು ಅರ್ಧ ಬರೆದರೂ ಉಳಿದರ್ಧವನ್ನು ನಮ್ಮ ಭಕ್ತಿ ತುಂಬಿಕೊಡುತ್ತದೆ. ಬೆಟ್ಟಕ್ಕೆ ಆ ಸಹಾಯವಿಲ್ಲ. ಕಣ್ಣಿಗೆ ನಿಜವಾಗಿ ಕಂಡರೆ ಉಂಟು, ಇಲ್ಲವಾದರೆ ಇಲ್ಲ.

ಇಲ್ಲಿ ಮಂಜಿನ ಪ್ರಶ್ನೆಗೆ ಬರೋಣ. ನೀರುಬಣ್ಣದ ಧರ್ಮವೇನೆಂದರೆ, ಬೆಳಕು ಬಣ್ಣದಿಂದ ಬರುವುದಲ್ಲ, ಬಣ್ಣದ ಅಡಿಯಲ್ಲಿರುವ ಕಾಗದದಿಂದ ಬರುವುದು. ಬಣ್ಣ ತೆಳುವಾದಷ್ಟೂ ಕಾಗದ ಹೊಳೆಯುತ್ತದೆ. ಎಣ್ಣೆಬಣ್ಣದಲ್ಲಿ ತಪ್ಪಿದರೆ ಮೇಲೆ ಇನ್ನೊಂದು ಪದರ ಬಳಿದು ತಿದ್ದಬಹುದು. ಇಲ್ಲಿ ಒಮ್ಮೆ ಕತ್ತಲಾದುದನ್ನು ಮತ್ತೆ ಬೆಳಗಿಸುವುದು ಬಹು ಕಷ್ಟ. ಆದುದರಿಂದ ಮಂಜು ಎಲ್ಲಿರಬೇಕೆಂಬುದನ್ನು ಚಿತ್ರಕಾರನು ಮೊದಲೇ ನಿಶ್ಚಯಿಸಿ, ಆ ಜಾಗವನ್ನು ಕಾಯ್ದಿಟ್ಟುಕೊಂಡು, ಅದರ ಸುತ್ತಲಿನ ಬೆಟ್ಟವನ್ನೂ ಕಾಡನ್ನೂ ಬರೆಯಬೇಕು. ಮಂಜು ಗೋಚರವಾಗುವುದು ಅದು ಮುಚ್ಚಿದ ವಸ್ತುವಿನಿಂದ ಎಂಬುದು ಕೊಡಗಿನವರಿಗೆಲ್ಲ ಗೊತ್ತಿರುವ ಮಾತೇ. ಮರದ ಬುಡ ಕಾಣದೆ ತುದಿ ಕಂಡಾಗ, ಏಣಿನ ಒಂದು ಕಡೆ ಕಪ್ಪಾಗಿ ಇನ್ನೊಂದು ಕಡೆ ಇಲ್ಲದಂತಾದಾಗ ನಾವು ‘ಮಂಜು ಬಂತು’ ಎನ್ನುತ್ತೇವೆ. ವೆಂಕಟಪ್ಪನವರಿಗೆ ಕಲ್ಕತ್ತೆಯ ವಾಷೂ ಅರಮನೆಯ ಗೆರೆಯೂ ಎರಡೂ ಸಾರ್ಥಕವಾದದ್ದು ಇಲ್ಲಿಯೇ. ಮಬ್ಬು ಎಲ್ಲೆಡೆಯೂ ಹರಡದೆ ನಿಜವಾಗಿ ಇರುವ ಸ್ಥಳದಲ್ಲಿ ಮಾತ್ರ ಉಳಿಯಿತು. ಪಕ್ಕದಲ್ಲಿ ಗೆರೆ ಕಟ್ಟುನಿಟ್ಟಾಗಿ ನಿಂತಿತು. ಅವರ ಪುರಾಣಚಿತ್ರಗಳಿಗಿಂತ ಈ ಬೆಟ್ಟದ ಚಿತ್ರಗಳನ್ನೇ ನಾವು ಮೇಲೆಂದು ಎಣಿಸುತ್ತೇವೆ.

ಇಂಥ ಚಿತ್ರಗಳನ್ನು ಮಾರಲು ಅವರಿಗೆ ಸುಲಭವಾಗಿ ಮನಸ್ಸೊಪ್ಪುತ್ತಿರಲಿಲ್ಲ. ಅರಮನೆಯೊಡನೆ ಮಾತ್ರ ಅವರ ವ್ಯವಹಾರ ಬಹುಕಾಲ ನಡೆಯಿತು. ಗಾರೆಯಲ್ಲಿ ಉಬ್ಬುಶಿಲ್ಪಗಳನ್ನು ಮಾಡಿಕೊಡುವ ಕೆಲಸ ಅವರದಾಗಿತ್ತು. 1940ರಲ್ಲಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಆ ಕೆಲಸವೂ ನಿಂತುಹೋಯಿತು. ಹಳೆಯ ಕಾಲದ ಚಿತ್ರಗಾರನಾಗಿದ್ದರೆ ನಿಟ್ಟುಸಿರು ಬಿಟ್ಟು, ಹೊಸ ಅರಸರ ದರ್ಶನಕ್ಕೆ ಕಾದು ಕುಳಿತಿರುತ್ತಿದ್ದನು. ವೆಂಕಟಪ್ಪನವರು ಅರಮನೆಯ ಮೇಲೆಯೇ ನ್ಯಾಯಸ್ಥಾನದಲ್ಲಿ ದಾವೆ ಹೂಡಿದರು.

ಕೊಡಗಿನವರಿಗೆ ಇದರಲ್ಲಿ ಸ್ವಾರಸ್ಯವುಂಟು. 1834ರಲ್ಲಿ ಪದಚ್ಯುತನಾದ ನಮ್ಮ ಚಿಕ್ಕವೀರರಾಜನು ಇಂಗ್ಲೆಂಡಿಗೆ ಹೋಗಿ, ತನ್ನ ಹಣಕ್ಕಾಗಿ ಕಂಪೆನಿಯ ಮೇಲೆ ವ್ಯಾಜ್ಯ ಮಾಡಿ, 1859ರಲ್ಲಿ ಅಲ್ಲಿಯೇ ಸತ್ತನು. ಆತನು ಅರಸನು, ಕಳೆದುಕೊಂಡ ಗಂಟನ್ನು ಕೇಳಿದನು. ಇಲ್ಲಿ ಕೇಳಿದವನು ಅರಸರ ಉಪ್ಪನ್ನುಂಡ ಮನೆತನದ ಚಿತ್ರಗಾರ. ಅವನು ಕೇಳಿದ್ದಾದರೂ ಏನು? ತನ್ನ ಕೆಲಸಕ್ಕೆ ಒಪ್ಪಂದವೆಂಬುದೊಂದುಂಟು, ಅದು ಕೃಪೆಯಲ್ಲ, ಎಂಬ ಮಾತನ್ನು. ತಂದೆಯ ಕಾಲದಲ್ಲಿ ಈ ಮಾತನ್ನು ಆಡುವುದಿರಲಿ, ಯೋಚಿಸುವುದೂ ಕಷ್ಟವಾಗಿತ್ತು. ಇದನ್ನು ಕೃತಘ್ನತೆಯೆಂದು ಬಗೆಯುವವರೂ ಇರಬಹುದು. ನಾವು ಹಾಗೆ ಬಗೆಯಲಾರೆವು. ಓದಲು ಕಳುಹಿಸಿದ ಅರಸರ ಋಣ ಬೇರೆ, ಮಾಡಿದ ಕೆಲಸದ ಲೆಕ್ಕ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಭ್ಯಾಸದಿಂದಲೇ ನಮ್ಮ ನಾಡಿನಲ್ಲಿ ಎಷ್ಟೋ ಕುಶಲಕರ್ಮಿಗಳು ಹೆಸರಿಲ್ಲದೆ ಹೋದರು.

ಮುಂದಿನ ದಿನಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. ಲಲಿತಕಲಾ ಅಕಾಡೆಮಿಯ ಗೌರವ ಇಳಿವಯಸ್ಸಿನಲ್ಲಿ ಬಂದಿತು. 1965ರಲ್ಲಿ ಕಾಲವಾದರು. ಬಳಿಯಲ್ಲಿ ಉಳಿಸಿಕೊಂಡಿದ್ದ ಚಿತ್ರಗಳು ಚದುರಿಹೋಗದೆ ಸರ್ಕಾರದ ವಶಕ್ಕೆ ಬಂದು, ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ, ಹಳೆಯ ವಸ್ತುಸಂಗ್ರಹಾಲಯದ ಮಗ್ಗುಲಲ್ಲಿ, ಅವರ ಹೆಸರಿನ ಚಿತ್ರಶಾಲೆಯೊಂದು 1970ರ ದಶಕದಲ್ಲಿ ತೆರೆಯಿತು. 2016ರಲ್ಲಿ ಅದರ ನಿರ್ವಹಣೆಯನ್ನು ಖಾಸಗಿಯವರಿಗೆ ಒಪ್ಪಿಸುವ ಏರ್ಪಾಡು ಹೊರಬಿದ್ದಾಗ ನಗರದ ಕಲಾವಿದರು ಒಟ್ಟುಗೂಡಿ ಪ್ರತಿಭಟಿಸಿದರು. ಒಪ್ಪಂದದ ಮಾತಿಗಾಗಿ ಅರಮನೆಯನ್ನೇ ಕಟಕಟೆಗೆಳೆದವರ ಹೆಸರಿನ ಮನೆಯಲ್ಲಿ ಈ ಜಗಳವಾದದ್ದು ಅನುಚಿತವೇನೂ ಅಲ್ಲ.

ಕೊಡಗಿನಿಂದ ಬೆಂಗಳೂರಿಗೆ ಹೋಗುವವರು ಈ ಚಿತ್ರಗಳನ್ನು ನೋಡಲು ಹೋದರೆ, ದೂರದಿಂದ ಒಮ್ಮೆ ಕಣ್ಣುಹಾಯಿಸಿ ಮುಂದೆ ನಡೆಯಬಾರದು. ಅವು ದೊಡ್ಡ ಪಟಗಳಲ್ಲ. ಹತ್ತಿರಕ್ಕೆ ಹೋಗಿ, ಕಾಡಿನ ಅಂಚು ಮಂಜಿನಲ್ಲಿ ಎಲ್ಲಿ ಮುಗಿಯುತ್ತದೆಂದು ಬೆರಳು ಮಾಡಿ ತೋರಿಸಲು ಪ್ರಯತ್ನಿಸಿ ನೋಡಬೇಕು.