ಪೆಟ್ಟು ಬಿದ್ದ ಮೇಲೆ

"ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು" ಎಂಬ ಮಾತು ಬಳ್ಳಾರಿಯ ಸೀಮೆಯಲ್ಲಿ ಬಹು ಹಳೆಯದು. ಮರುಳಸಿದ್ಧೇಶ್ವರ ದೇವಾಲಯದ ಒಳಗಿನ ಕಲ್ಲಿನ ಕೆಲಸವನ್ನು ಕಂಡವರಾರೂ ಈ ಮಾತನ್ನು ಅಲ್ಲಗಳೆಯಲಾರರು. ಆದರೆ ನಮಗೆ ಇಲ್ಲಿ ಆ ಮಾತು ನೆನಪಾಗುವುದು ಬೇರೊಂದು ಕಾರಣದಿಂದ. ಮನುಷ್ಯನ ಮೊಣಕಾಲೂ ಉಜ್ಜಿನಿಯ ಗುಡಿಯಂತೆ ಒಳಗೆ ನೋಡಬೇಕಾದ ವಸ್ತು. ಹೊರಗಿನಿಂದ ನೋಡಿ ತೀರ್ಮಾನಕ್ಕೆ ಬಂದವರು ಮೋಸಹೋಗುತ್ತಾರೆ. ಆ ಮೋಸಕ್ಕೆ ತೆರಬೇಕಾದ ಬೆಲೆಯನ್ನು ಮಾತ್ರ ಹದಿನಾರು ಹದಿನೇಳು ವರ್ಷದ ಹುಡುಗರು ಮತ್ತು ಹುಡುಗಿಯರು ತೆರುತ್ತಾರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಯಾವ ಪ್ರೌಢಶಾಲೆಗೆ ಹೋದರೂ ಕಬಡ್ಡಿಯ ಅಂಕಣವೊಂದು ಕಣ್ಣಿಗೆ ಬೀಳುವುದು ಸಹಜ. ಈ ಆಟಕ್ಕೆ ಚೆಂಡು ಬೇಡ, ಬ್ಯಾಟು ಬೇಡ; ಸುಣ್ಣದ ನಾಲ್ಕು ಗೆರೆಗಳೂ ಏಳೇಳು ಮಂದಿ ಆಟಗಾರರೂ ಇದ್ದರೆ ಸಾಕು. ಬಡವರ ಮನೆಯ ಮಗುವಿಗೆ ಇಷ್ಟು ಸುಲಭವಾಗಿ ಒದಗುವ ಆಟ ಇನ್ನೊಂದಿಲ್ಲ. ವಲಯಮಟ್ಟದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಏರುತ್ತ ಹೋಗುವ ಈ ಮೆಟ್ಟಿಲುಗಳ ತುದಿಯಲ್ಲಿ ಕಾಲೇಜಿನಲ್ಲಿ ಒಂದು ಸ್ಥಾನವೋ, ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಒಂದು ಕೆಲಸವೋ ಕಾದಿರಬಹುದೆಂಬ ಆಸೆ ತಂದೆತಾಯಿಗಳಿಗೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಗಿ, ಆಟಗಾರರ ಬೆಲೆ ಲಕ್ಷಗಳನ್ನು ದಾಟಿ ಕೋಟಿಗಳಿಗೆ ಏರಿದ ಮೇಲಂತೂ ಆ ಆಸೆಗೆ ರೆಕ್ಕೆ ಮೂಡಿವೆ.

ಇಂಥ ಶಾಲೆಯ ಒಬ್ಬ ಹುಡುಗನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಹತ್ತನೆಯ ತರಗತಿ, ತಂಡದ ಮುಖ್ಯ ದಾಳಿಗಾರ. ತಾಲ್ಲೂಕುಮಟ್ಟದ ಪಂದ್ಯದಲ್ಲಿ ಎದುರಾಳಿಗಳು ಅವನ ಪಾದವನ್ನು ಹಿಡಿದಿದ್ದಾರೆ. ನೆಲಕ್ಕೆ ಊರಿದ ಕಾಲು ಊರಿದಂತೆಯೇ ಇದೆ, ಮೈಯೆಲ್ಲ ಮಧ್ಯರೇಖೆಯ ಕಡೆಗೆ ತಿರುಗಿದೆ. ಒಳಗೆಲ್ಲೋ 'ಟಪ್' ಎಂದಂತಾಯಿತು. ಹುಡುಗ ಕುಸಿದ. ಸಂಜೆಯ ಹೊತ್ತಿಗೆ ಮೊಣಕಾಲು ಊದಿಕೊಂಡಿತು. ಮರುದಿನ ಎಕ್ಸ್-ರೇ ತೆಗೆಸಿದರು. ಮೂಳೆ ಮುರಿದಿಲ್ಲವೆಂದು ತಿಳಿಯಿತು. ಮನೆಯವರಿಗೆ ಸಮಾಧಾನ. ಉಳುಕೆಂದು ಯಾರೋ ಹೇಳಿದರು, ಎಣ್ಣೆ ಹಚ್ಚಿ ನೀವಿದರು. ಹದಿನೈದು ದಿನಗಳಲ್ಲಿ ಊತ ಇಳಿಯಿತು, ನಡಿಗೆ ನೆಟ್ಟಗಾಯಿತು. ಅಷ್ಟರಲ್ಲಿ ಜಿಲ್ಲಾಮಟ್ಟದ ಪಂದ್ಯ ಬಂದಿತು.

ಇಲ್ಲಿಯೇ ಕಥೆಯ ತಿರುವು. ಎಕ್ಸ್-ರೇ ತೋರಿಸುವುದು ಮೂಳೆಯನ್ನು. ಮೂಳೆಗೆ ಮೂಳೆಯನ್ನು ಬಿಗಿದು ಹಿಡಿದಿರುವ ಅಸ್ಥಿರಜ್ಜುಗಳನ್ನಲ್ಲ. ಮೊಣಕಾಲಿನ ನಡುವೆ ಒಂದನ್ನೊಂದು ಕತ್ತರಿಯಂತೆ ದಾಟುವ ಎರಡು ರಜ್ಜುಗಳಿವೆ. ಅವುಗಳಲ್ಲಿ ಮುಂದಿನದನ್ನು ವೈದ್ಯರು ಎ.ಸಿ.ಎಲ್. ಎಂದು ಕರೆಯುತ್ತಾರೆ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಕಾಲು ತಿರುಚಿಕೊಳ್ಳದಂತೆ ತಡೆಯುವುದು ಇದರ ಕೆಲಸ. ಇದು ಪೂರ್ತಿ ಹರಿದರೆ, ಚರ್ಮದ ಗಾಯ ಮಾಯುವಂತೆ, ಮುರಿದ ಮೂಳೆ ಕೂಡುವಂತೆ ತಾನಾಗಿ ಕೂಡಿಕೊಳ್ಳುವುದು ಅಪರೂಪ. ವಿಚಿತ್ರವೆಂದರೆ, ನೇರವಾಗಿ ನಡೆಯುವುದಕ್ಕೆ ಈ ರಜ್ಜುವಿನ ಅಗತ್ಯ ಅಷ್ಟಾಗಿ ಇಲ್ಲ. ಹೊಲಕ್ಕೆ ಹೋಗಬಹುದು, ಸೈಕಲ್ ತುಳಿಯಬಹುದು. ಗಕ್ಕನೆ ನಿಂತು ತಿರುಗಬೇಕಾದಾಗ ಮಾತ್ರ ಮಂಡಿ ಕೈಕೊಡುತ್ತದೆ. ಕಬಡ್ಡಿಯೆಂದರೆ ಗಕ್ಕನೆ ನಿಂತು ತಿರುಗುವುದೇ ಅಲ್ಲವೇ? ಹೀಗೆ ಕೈಕೊಟ್ಟಾಗಲೆಲ್ಲ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಅರ್ಧಚಂದ್ರಾಕಾರದ ಮೃದ್ವಸ್ಥಿ ಹರಿಯುವ ಅಪಾಯವಿದೆ. ಅದು ಸವೆದು ಹೋದರೆ ಮೂವತ್ತರ ಹರೆಯದಲ್ಲಿಯೇ ಅರುವತ್ತರ ಮಂಡಿನೋವು ಬರುವುದುಂಟು. ಮೊದಲ ಪೆಟ್ಟು ಆಟದಲ್ಲಿ ಬಿದ್ದದ್ದು. ಅದು ಯಾರಿಗೂ ತಪ್ಪಿದ್ದಲ್ಲ. ಹುಡುಗನನ್ನು ಆಟದಿಂದಲೇ ಹೊರಗೆ ದೂಡುವುದು ಎರಡನೆಯ ಪೆಟ್ಟು, ಮೂರನೆಯ ಪೆಟ್ಟು. ಅವನ್ನು ತಪ್ಪಿಸಬಹುದಾಗಿತ್ತು.

ಉಜ್ಜಿನಿಯ ಜಾತ್ರೆಯಲ್ಲಿ ಗುಡಿಯ ಶಿಖರಕ್ಕೆ ತೈಲಾಭಿಷೇಕ ಮಾಡುವ ಸಂಪ್ರದಾಯ ನಾಡಿಗೆಲ್ಲ ತಿಳಿದದ್ದು. ಎಣ್ಣೆ ಶಿಖರಕ್ಕೆ ಸಲ್ಲಲಿ. ಆಗತಾನೆ ಊದಿದ ಮಂಡಿಗೆ ಬೇಕಾದುದು ತಣ್ಣನೆಯ ಪಟ್ಟಿ, ಹದವಾದ ಬಿಗಿಕಟ್ಟು, ವಿಶ್ರಾಂತಿ, ಮತ್ತು ಮೂಳೆ-ಕೀಲುಗಳ ವೈದ್ಯರ ಕೈಯಿಂದ ಪರೀಕ್ಷೆ. ಬಲವಾಗಿ ನೀವುವುದರಿಂದ ಒಳಗಿನ ರಕ್ತಸ್ರಾವ ಹೆಚ್ಚೀತು.

ಇದೇ ಬಗೆಯ ದುರ್ದೆಸೆ ದೊಡ್ಡ ಆಟಗಾರನಿಗೆ ಒದಗಿದಾಗ ಏನಾಗುತ್ತದೆ? ಪವನ್ ಸೆಹ್ರಾವತ್ ಹೆಸರು ನಮ್ಮ ಮನೆಗಳ ಹುಡುಗರಿಗೆ ಹೊಸದಲ್ಲ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ತಂಡ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಾಗ ಅಂತಿಮ ಪಂದ್ಯದಲ್ಲಿ 22 ಅಂಕ ಗಳಿಸಿದ ವೀರ ಆತ. 2022ರಲ್ಲಿ ತಮಿಳ್ ತಲೈವಾಸ್ ತಂಡ ಆತನನ್ನು 2 ಕೋಟಿ 26 ಲಕ್ಷ ರೂಪಾಯಿಗಳಿಗೆ ಕೊಂಡಿತು. ಆ ಹೊತ್ತಿಗೆ ಅದು ಲೀಗಿನ ಅತ್ಯಧಿಕ ಬೆಲೆ. ಅಕ್ಟೋಬರ್ 8ರಂದು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಹೊಸ ತಂಡದ ಪರವಾಗಿ ಮೊದಲ ಪಂದ್ಯಕ್ಕೆ ಇಳಿದ ಪವನ್, ಆಟ ಆರಂಭವಾಗಿ ಸ್ವಲ್ಪ ಹೊತ್ತಿನಲ್ಲಿಯೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರನಡೆಯಬೇಕಾಯಿತು. ಆ ವರ್ಷದ ಲೀಗಿನಲ್ಲಿ ಆತ ಮತ್ತೆ ಅಂಕಣಕ್ಕೆ ಇಳಿಯಲಿಲ್ಲ.

ಕೋಟಿಗಟ್ಟಲೆ ಸುರಿದ ತಂಡ ಆತನನ್ನು ಮುಂದಿನ ವಾರವೇ ಆಡಿಸಲಿಲ್ಲ ಎಂಬುದನ್ನು ಗಮನಿಸಬೇಕು. ಹಣ ಹಾಕಿದವನಿಗೆ ಕಾಯುವ ಬುದ್ಧಿಯೂ ಬರುತ್ತದೆಯೋ ಏನೋ! 2023ರ ಜೂನ್ ತಿಂಗಳಲ್ಲಿ ಬೂಸಾನ್ ನಗರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಪವನ್ ಭಾರತ ತಂಡದ ನಾಯಕನಾಗಿ ಮರಳಿದ. ಅಕ್ಟೋಬರ್ 7ರಂದು, ಬಿದ್ದ ದಿನದಿಂದ ಒಂದು ವರ್ಷಕ್ಕೆ ಒಂದೇ ದಿನ ಕಡಮೆ ಇರುವಾಗ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಆತನ ನಾಯಕತ್ವದಲ್ಲಿ ಭಾರತ ಇರಾನನ್ನು ಸೋಲಿಸಿ ಚಿನ್ನದ ಪದಕ ಗೆದ್ದಿತು. ಅದೇ ತಿಂಗಳು ತೆಲುಗು ಟೈಟಾನ್ಸ್ ತಂಡ ಆತನಿಗೆ ಕೊಟ್ಟ ಬೆಲೆ 2 ಕೋಟಿ 60 ಲಕ್ಷಕ್ಕೂ ಮೇಲೆ. ಪೆಟ್ಟು ಬಿದ್ದ ಮೇಲೆ ಬೆಲೆ ಏರಿತು!

ನಮ್ಮ ಶಾಲೆಯ ಹುಡುಗನಿಗೂ ಪವನನಿಗೂ ಇರುವ ಅಂತರ ಪ್ರತಿಭೆಯದೊಂದೇ ಅಲ್ಲ. ಮಂಡಿಯ ಒಳಗನ್ನು ತೋರಿಸುವ ಎಂ.ಆರ್.ಐ. ಪರೀಕ್ಷೆಗೆ ಸಾವಿರಾರು ರೂಪಾಯಿ. ಬೇರೆಡೆಯ ಸ್ನಾಯುರಜ್ಜುವಿನ ಎಳೆಯನ್ನು ತೆಗೆದು ಹೊಸ ರಜ್ಜುವನ್ನಾಗಿ ಕೂರಿಸುವ ಶಸ್ತ್ರಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗಳಲ್ಲಿ ಲಕ್ಷ ಮೀರುವುದುಂಟು. ಆ ಬಳಿಕ ತಿಂಗಳುಗಟ್ಟಲೆ ವ್ಯಾಯಾಮ ಚಿಕಿತ್ಸೆ. ಹಣಕ್ಕಿಂತಲೂ ದುರ್ಲಭವಾದ ಇನ್ನೊಂದು ವಸ್ತುವಿದೆ: "ಈ ವರ್ಷ ಬೇಡ" ಎಂದು ಹೇಳಬಲ್ಲ ಒಬ್ಬ ಹಿರಿಯ. ಶಸ್ತ್ರಚಿಕಿತ್ಸೆಯಾದ 106 ಮಂದಿ ಆಟಗಾರರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಂತೆ, ಒಂಬತ್ತು ತಿಂಗಳು ತುಂಬುವವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮತ್ತೆ ಮಂಡಿಗೆ ಪೆಟ್ಟಾಗುವ ಪ್ರಮಾಣ ಹೆಚ್ಚು ಕಡಮೆ ಅರ್ಧಕ್ಕೆ ಇಳಿಯುತ್ತದೆ. ಒಂಬತ್ತು ತಿಂಗಳೆಂದರೆ ಶಾಲೆಯ ಹುಡುಗನಿಗೆ ಒಂದು ಇಡೀ ಕ್ರೀಡಾವರ್ಷ. ಹದಿನೇಳರ ವಯೋಮಿತಿ ಅವನಿಗಾಗಿ ಕಾಯುವುದಿಲ್ಲ. ಮಕ್ಕಳು ನೋವನ್ನು ಮುಚ್ಚಿಡುವುದು ಇದಕ್ಕಾಗಿಯೇ.

ರಗ್ಬಿ ಕಲಿತ ಪಾಠ

ಹಿಡಿದು ಕೆಡವುವ ಆಟಗಳಲ್ಲಿ ಜಗತ್ಪ್ರಸಿದ್ಧವಾದುದು ರಗ್ಬಿ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು 1879ರಿಂದ ಸೆಣಸುತ್ತಿರುವ ಕಲ್ಕತ್ತಾ ಕಪ್ ನಮ್ಮ ಬೆಳ್ಳಿಯ ರೂಪಾಯಿಗಳನ್ನೇ ಕರಗಿಸಿ ಮಾಡಿದುದು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಆ ಆಟ ಗಾಯಗಳ ವಿಷಯದಲ್ಲಿ ಎಚ್ಚತ್ತುಕೊಂಡದ್ದು ಬಹಳ ದುಬಾರಿಯಾದ ಅನುಭವದಿಂದ. 2011ರ ಜನವರಿಯಲ್ಲಿ ಉತ್ತರ ಐರ್ಲೆಂಡಿನ ಶಾಲಾ ಪಂದ್ಯವೊಂದರಲ್ಲಿ 14 ವರ್ಷದ ಬಾಲಕನೊಬ್ಬ ತಲೆಗೆ ಪೆಟ್ಟು ಬಿದ್ದ ಮೇಲೆಯೂ ಆಡುತ್ತಲೇ ಇದ್ದ. ಪಂದ್ಯ ಮುಗಿಯುವ ಮುನ್ನ ಕುಸಿದು ಬಿದ್ದ. ಎರಡು ದಿನಗಳಲ್ಲಿ ತೀರಿಕೊಂಡ. ಮೊದಲ ಪೆಟ್ಟಿನಿಂದ ಮೆದುಳು ಚೇತರಿಸಿಕೊಳ್ಳುವ ಮುನ್ನವೇ ಇನ್ನೊಂದು ಪೆಟ್ಟು ಬಿದ್ದುದರಿಂದ ಸಾವು ಸಂಭವಿಸಿತೆಂದು 2013ರಲ್ಲಿ ವಿಚಾರಣೆ ನಿರ್ಣಯಿಸಿತು. ಆ ಬಾಲಕನ ಮನೆಯವರು ಪಟ್ಟುಹಿಡಿದು ಓಡಾಡಿದುದರ ಫಲವೂ ಸೇರಿ, 2015ರಲ್ಲಿ ಸ್ಕಾಟ್ಲೆಂಡ್ ಎಲ್ಲ ಆಟಗಳಿಗೂ ಅನ್ವಯಿಸುವ ಒಂದು ನಿಯಮವನ್ನು ಹೊರತಂದಿತು: ತಲೆಗೆ ಪೆಟ್ಟಾಗಿದೆಯೆಂಬ ಸಂದೇಹ ಬಂದರೂ ಸಾಕು, ಆಟಗಾರ ಹೊರಗೆ ಕೂರಬೇಕು. 2023ರಲ್ಲಿ ಬ್ರಿಟನ್ನಿನ ಹವ್ಯಾಸಿ ಕ್ರೀಡೆಗೆಲ್ಲ ಇದೇ ಬಗೆಯ ಮಾರ್ಗಸೂಚಿ ಬಂದಿತು. ಅದರಂತೆ ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಬಿಡಬೇಕು. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಂಪ್ಸನ್, ತನಗೆ ನಲವತ್ತೆರಡರಲ್ಲಿಯೇ ಮರೆವಿನ ರೋಗ ಹತ್ತಿದೆಯೆಂದೂ, ಆ ಗೆಲುವು ತನಗೆ ನೆನಪೇ ಇಲ್ಲವೆಂದೂ 2020ರಲ್ಲಿ ಹೇಳಿಕೊಂಡಾಗ ಕ್ರೀಡಾಪ್ರಪಂಚವೇ ಬೆಚ್ಚಿಬಿದ್ದಿತು.

ಕಬಡ್ಡಿಯಲ್ಲೂ ದಾಳಿಗಾರನನ್ನು ಭುಜದಿಂದ ಗುದ್ದಿ ಗೆರೆಯಾಚೆಗೆ ತಳ್ಳುವ ಕ್ರಮವಿದೆ. ಗಟ್ಟಿ ನೆಲದಲ್ಲಿ ತಲೆ ಬಡಿದು ಕ್ಷಣಕಾಲ ಕಣ್ಣುಕತ್ತಲಿಟ್ಟರೆ, ಮುಖಕ್ಕೆ ನೀರೆರಚಿ, ಬೆನ್ನು ತಟ್ಟಿ, ಮತ್ತೆ ಅಂಕಣಕ್ಕೆ ಕಳುಹಿಸುವುದು ನಮ್ಮ ವಾಡಿಕೆ.

ಈ ವಾಡಿಕೆಗೆ ನಮ್ಮ ಮೆಚ್ಚುಗೆಯೂ ಕಾರಣ. 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ಲಾರಾನನ್ನು ಔಟ್ ಮಾಡಿದ ಅನಿಲ್ ಕುಂಬ್ಳೆಯ ಚಿತ್ರ ಕನ್ನಡಿಗರ ಮನಸ್ಸಿನಿಂದ ಅಳಿಯುವಂಥದಲ್ಲ. ಅದಕ್ಕೆ ತಲೆಬಾಗದವರಾರು? ಆದರೆ ಕುಂಬ್ಳೆ ಆಗ ಮೂವತ್ತೊಂದು ವರ್ಷದ ಅನುಭವಿ, ಏನು ಮುರಿದಿದೆಯೆಂಬುದು ತಿಳಿದಿದ್ದಿತು, ತಂಡದೊಡನೆ ಚಿಕಿತ್ಸಕರಿದ್ದರು, ಆ ಬಳಿಕ ಆತ ಬೆಂಗಳೂರಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮಂಡಿಯೊಳಗೆ ಏನು ಹರಿದಿದೆಯೆಂದು ತಿಳಿಯದ ಹತ್ತನೆಯ ತರಗತಿಯ ಹುಡುಗನ ಮುಂದೆ ಈ ಕಥೆಯನ್ನು ಆದರ್ಶವೆಂದು ಇಡುವುದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ.

ಉಜ್ಜಿನಿಯಿಂದ ಕೂಡ್ಲಿಗಿ, ಸಂಡೂರುಗಳ ದಾರಿಯಾಗಿ ಹೋದರೆ ತೋರಣಗಲ್ಲು. ಅಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ, ಜೆ.ಎಸ್.ಡಬ್ಲ್ಯು. ಸಂಸ್ಥೆ 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಿದೆ. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗಳ ತರಬೇತಿಯೊಡನೆ ಗಾಯಗೊಂಡವರನ್ನು ಮತ್ತೆ ಸಜ್ಜುಗೊಳಿಸುವ ವ್ಯವಸ್ಥೆಯೂ ಅಲ್ಲುಂಟು. ಭರ್ಜಿ ಎಸೆತದ ನೀರಜ್ ಚೋಪ್ರಾ 2019ರ ಮೇ 3ರಂದು ಮುಂಬಯಿಯಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬಳಿಕ ಚೇತರಿಸಿಕೊಂಡ ತಾಣಗಳಲ್ಲಿ ಇದೂ ಒಂದು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಕೈತಪ್ಪಿತು. 2020ರ ಜನವರಿಯಲ್ಲಿ, ಹೆಚ್ಚು ಕಡಮೆ ಒಂಬತ್ತನೆಯ ತಿಂಗಳಲ್ಲಿ, ದಕ್ಷಿಣ ಆಫ್ರಿಕದಲ್ಲಿ 87.86 ಮೀಟರ್ ಎಸೆದು ಒಲಿಂಪಿಕ್ಸ್‌ಗೆ ಅರ್ಹತೆ ಗಳಿಸಿದ. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ಚಿನ್ನ. ಅಂದರೆ ಈ ವಿದ್ಯೆ ನಮ್ಮ ಸೀಮೆಗೆ ಬಂದಿದೆ. ಅದು ಹಳ್ಳಿಯ ಶಾಲೆಯ ಅಂಗಳದವರೆಗೆ ಬಂದಿಲ್ಲ.

ಬರಲು ಯಂತ್ರಗಳೇನೂ ಬೇಕಾಗಿಲ್ಲ. ಇಂಗ್ಲೆಂಡಿನ 40 ಶಾಲೆಗಳ ರಗ್ಬಿ ತಂಡಗಳಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವ್ಯಾಯಾಮ ಕ್ರಮವೊಂದಿದೆ. ಆಟಕ್ಕೆ ಮುನ್ನ ಸುಮಾರು ಇಪ್ಪತ್ತು ನಿಮಿಷ ಒಂಟಿಕಾಲಿನ ಸಮತೋಲ, ಜಿಗಿದು ಮೆತ್ತಗೆ ಇಳಿಯುವುದು, ಓಡುತ್ತ ದಿಕ್ಕು ಬದಲಿಸುವುದು, ಕತ್ತಿನ ಬಲ, ಇಷ್ಟೇ. ವಾರಕ್ಕೆ ಮೂರು ಸಲ ತಪ್ಪದೆ ಮಾಡಿದ ತಂಡಗಳಲ್ಲಿ ಪಂದ್ಯದ ಗಾಯಗಳು ನೂರಕ್ಕೆ 72ರಷ್ಟೂ, ತಲೆಯ ಪೆಟ್ಟುಗಳು 59ರಷ್ಟೂ ಕಡಮೆಯಾಗಿದ್ದವು. ಅಪರೂಪಕ್ಕೆ ಮಾಡಿದವರಿಗೆ ಅಂಥ ಲಾಭ ಕಾಣಲಿಲ್ಲ. ನಮ್ಮ ಗರಡಿಯ ಹಿರಿಯರಿಗೆ ಇದರ ಮರ್ಮ ಬೇರೊಂದು ರೀತಿಯಲ್ಲಿ ತಿಳಿದಿದ್ದಿತು. ಮಣ್ಣನ್ನು ಅಗೆದು, ಕಲ್ಲು ಆರಿಸಿ, ಎಣ್ಣೆ ಮಜ್ಜಿಗೆ ಬೆರೆಸಿ ಹದ ಮಾಡದೆ ಅವರು ಹುಡುಗರನ್ನು ಅಖಾಡಕ್ಕೆ ಇಳಿಸುತ್ತಿರಲಿಲ್ಲ. ಕಬಡ್ಡಿಯ ಅಂಕಣಕ್ಕೆ ಅಷ್ಟು ಉಪಚಾರ ಮಾಡುವವರು ವಿರಳ. ಬಿಸಿಲಿಗೆ ಒಣಗಿ ಬಿರುಕುಬಿಟ್ಟ ನೆಲದ ಮೇಲೆಯೇ ಆಟ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಂದೇ ಬಗೆಯ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ರಜ್ಜು ಹರಿಯುವ ಸಂಭವ ಎರಡು ಪಟ್ಟಿಗೂ ಮೀರಿದ್ದು. ಗಾಯವಾದರೆ ಹುಡುಗನನ್ನು ಬೇಗ ಆಟಕ್ಕೆ ಕಳುಹಿಸುವ ಮನೆ, ಹುಡುಗಿಯನ್ನು ಆಟದಿಂದ ಬಿಡಿಸಿಯೇ ಬಿಡುತ್ತದೆ. ಎರಡೂ ತಪ್ಪು ಲೆಕ್ಕವೇ.

ಶಸ್ತ್ರಚಿಕಿತ್ಸೆಯಾದ ಮಗು ಆಟಕ್ಕೆ ಸಿದ್ಧವೇ ಎಂದು ಅಳೆಯಲು ಚಿಕಿತ್ಸಕರು ಬಳಸುವ ಪರೀಕ್ಷೆಗಳಲ್ಲಿ ಒಂದನ್ನು ಮನೆಯವರೂ ನಿಂತು ನೋಡಬಹುದು. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಮೊದಲು ಗಟ್ಟಿಯಾದ ಕಾಲಿನಿಂದ, ಆಮೇಲೆ ಪೆಟ್ಟಾದ ಕಾಲಿನಿಂದ, ಕುಂಟುತ್ತ ಮುಂದಕ್ಕೆ ಹಾರಿಸುತ್ತಾರೆ. ಪೆಟ್ಟಾದ ಕಾಲು ಹಾರಿದ ದೂರ ಇನ್ನೊಂದರ ನೂರಕ್ಕೆ ತೊಂಬತ್ತನ್ನಾದರೂ ಮುಟ್ಟಬೇಕು. ಇಳಿಯುವಾಗ ಮಂಡಿ ಒಳಕ್ಕೆ ವಾಲಬಾರದು. ಮುಟ್ಟಿದ ಮೇಲೆಯೂ ಒಂಬತ್ತು ತಿಂಗಳು ತುಂಬಿದೆಯೇ ಎಂದು ಕ್ಯಾಲೆಂಡರನ್ನು ಒಮ್ಮೆ ನೋಡಬೇಕು.