ವರ್ಣೋಚ್ಚಾರಣೆ ಮತ್ತು ಮಿದುಳಕಾಂಡ

ಶಬ್ದವು ನಾಭಿಮೂಲದಲ್ಲಿ ವಾಯುವಿನಿಂದ ಹುಟ್ಟುವುದೆಂದು 13ನೆಯ ಶತಮಾನದ ಕೇಶಿರಾಜ ಹೇಳಿದ್ದಾನೆ. ಉಸಿರಿನ ಪಾತ್ರವನ್ನು ಆತ ಸರಿಯಾಗಿಯೇ ಗುರುತಿಸಿದ್ದಾನೆ. ಆದರೆ ಆ ಉಸಿರನ್ನು ವರ್ಣಗಳಾಗಿ ರೂಪಿಸುವ ಆಜ್ಞೆಗಳು ಸಾಗುವುದು ಮಿದುಳಕಾಂಡದ ಮೂಲಕ.

ಮಧ್ಯಮಿದುಳು, ಪಾನ್ಸ್, ಮೆಡುಲಾ ಎಂಬ ಮೂರು ಭಾಗಗಳುಳ್ಳ ಈ ಕಾಂಡವು ಮಿದುಳನ್ನು ಬೆನ್ನುಹುರಿಗೆ ಜೋಡಿಸುತ್ತದೆ. ಉಸಿರಾಟ, ಹೃದಯದ ಗತಿ, ಎಚ್ಚರ ಇವುಗಳ ನಿಯಂತ್ರಣದಲ್ಲಿಯೂ ಇದರ ಪಾತ್ರ ಹಿರಿದು. 12 ಜೊತೆ ಕಪಾಲನರಗಳಲ್ಲಿ ಮೊದಲ ಎರಡನ್ನುಳಿದು ಮಿಕ್ಕವುಗಳ ನೆಲೆ ಬಹುಮಟ್ಟಿಗೆ ಇದೇ.

ವರ್ಣಮಾಲೆಯ ಸ್ಥಾನವಿಭಾಗವನ್ನು ಈ ನರಗಳ ಮೂಲಕವೂ ವಿವರಿಸಬಹುದು. ಪವರ್ಗಕ್ಕೆ ತುಟಿಗಳನ್ನು ಕೂಡಿಸುವುದು 7ನೆಯ ನರ. ತವರ್ಗ, ಟವರ್ಗಗಳಿಗೆ ನಾಲಗೆಯನ್ನು ನಡೆಸುವುದು 12ನೆಯದು. ದವಡೆಯನ್ನು ಆಡಿಸುವುದು 5ನೆಯದು. ಧ್ವನಿತಂತುಗಳನ್ನೂ ಮೃದುತಾಲುವನ್ನೂ ಮುಖ್ಯವಾಗಿ ಆಳುವುದು 10ನೆಯದು. ಇದು ಸೋತರೆ ತಾಲು ಮೇಲೇಳದು, ಉಸಿರು ಮೂಗಿಗೆ ನುಗ್ಗುವುದು, ಬಕಾರವು ಮಕಾರದಂತೆ ಕೇಳಿಸುವುದು.

ಇಲ್ಲೊಂದು ವಿವೇಚನೆ ಅಗತ್ಯ. 1861ರಲ್ಲಿ ಪಾಲ್ ಬ್ರೋಕಾ ಗುರುತಿಸಿದ ಕ್ಷೇತ್ರ ಮಿದುಳಿನ ಮುಂಭಾಗದ್ದು. ಅಲ್ಲಿನ ಹಾನಿಯಿಂದ ಭಾಷೆಯೇ ಕುಂದಬಹುದು. ಮಿದುಳಕಾಂಡದ ಆಘಾತದಲ್ಲಿ ಕೆಡುವುದು ಉಚ್ಚಾರಣೆ. ಪದ, ವ್ಯಾಕರಣ, ಅರ್ಥಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಅಂಥವರ ತೊದಲನ್ನು ಬುದ್ಧಿಮಾಂದ್ಯವೆಂದೆಣಿಸುವುದು ಅನ್ಯಾಯ. ಬರೆಯಲು ಹಲಗೆಯನ್ನೋ ತೋರಿಸಲು ಅಕ್ಷರಫಲಕವನ್ನೋ ಒದಗಿಸಿದರೆ, ನಾಲಗೆಯಲ್ಲಿ ತಡೆದು ನಿಂತ ಕನ್ನಡ ಕೈಯಿಂದ ಹೊರಬರಬಲ್ಲದು.