ಮೋವಾಬ್ ಅರಸನ ಕರಿಕಲ್ಲು

1868ರ ಆಗಸ್ಟ್‌ನಲ್ಲಿ ಎಫ್. ಎ. ಕ್ಲೈನ್ ಎಂಬ ಮಿಷನರಿ ಮೃತ ಸಮುದ್ರದ ಪೂರ್ವಕ್ಕೆ, ದೀಬಾನ್ ಎಂಬ ಹಾಳೂರಿನ ಬಳಿ ಬೆದೂಯಿನರ ಗುಡಾರದಲ್ಲಿ ತಂಗಿದ್ದ. ಅಕ್ಷರ ಕೆತ್ತಿದ ಕಲ್ಲೊಂದು ಇಲ್ಲೇ ಬಿದ್ದಿದೆ ಎಂದು ಅಲ್ಲಿಯವರು ಹೇಳಿದರು. ಹೋಗಿ ನೋಡಿದರೆ ಒಂದು ಮೀಟರಿಗೂ ಉದ್ದದ ಕರಿಕಲ್ಲು, ಮೈತುಂಬ ಅವನಿಗೆ ಓದಲಾಗದ ಬರಹ. ನಾಲ್ಕಾರು ಅಕ್ಷರ ಗೀಚಿಕೊಂಡು ಜೆರುಸಲೇಮಿಗೆ ಮರಳಿದ.

ಕ್ರೈಸ್ತ ಲೋಕದ ಬಹು ಹಳೆಯ ತಲೆನೋವಿಗೂ ಆ ಕಲ್ಲಿಗೂ ನಂಟಿತ್ತೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಬೈಬಲಿನಲ್ಲಿ ಯೇಸು ವೈರಿಗಳನ್ನೂ ಪ್ರೀತಿಸಲು ಹೇಳಿದ. ಅದೇ ಗ್ರಂಥದ ಸಮುವೇಲನ ಮೊದಲ ಪುಸ್ತಕದಲ್ಲಿ, ವೈರಿ ಜನಾಂಗವಾದ ಅಮಾಲೇಕ್ಯರ ಹೆಂಗಸರು, ಮೊಲೆಗೂಸುಗಳು, ದನಕುರಿ ಏನನ್ನೂ ಉಳಿಸಬೇಡವೆಂದು ಇಸ್ರೇಲಿನ ಸೌಲ ರಾಜನಿಗೆ ದೇವರ ಅಪ್ಪಣೆಯಾಯಿತು. ಒಂದೇ ಬಾಯಿಂದ ಎರಡೂ ಹೊರಟದ್ದು ಹೇಗೆ? ಎರಡನೆಯ ಶತಮಾನದ ಮಾರ್ಸಿಯನ್, ದೇವರು ಇಬ್ಬರೇ ಇರಬೇಕು ಎಂದು, ಸಮುವೇಲನ ಪುಸ್ತಕವಿರುವ ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯನ್ನೇ ಕೈಬಿಟ್ಟ. ರೋಮಿನ ಕ್ರೈಸ್ತ ಸಭೆ ಅವನನ್ನು ಕೈಬಿಟ್ಟಿತು. ಮೂರನೆಯ ಶತಮಾನದಲ್ಲಿ ಒರಿಗೆನ್ ಎಂಬ ಪಂಡಿತ, ಆ ಯುದ್ಧಗಳೆಲ್ಲ ಮನುಷ್ಯ ತನ್ನೊಳಗಿನ ಪಾಪದೊಡನೆ ನಡೆಸುವ ಹೋರಾಟ ಎಂದು ಅರ್ಥ ಹಚ್ಚಿದ. ಜಾಣ ಉತ್ತರವೇನೋ ಹೌದು, ಆದರೆ ಮೊಲೆಗೂಸುಗಳ ಪ್ರಶ್ನೆ ಇದ್ದಲ್ಲೇ ಉಳಿಯಿತು.

ಇತ್ತ ಜೆರುಸಲೇಮಿನಲ್ಲಿ ಕ್ಲೈನ್ ಕಲ್ಲಿನ ಸುದ್ದಿಯನ್ನು ಪ್ರಶ್ಯದ ಕಾನ್ಸುಲ್‌ಗೆ ಮುಟ್ಟಿಸಿದ. ಕಲ್ಲಿನ ಚೌಕಾಸಿ ವರ್ಷ ದಾಟಿದರೂ ಕುದುರಲಿಲ್ಲ. ಅಷ್ಟರಲ್ಲಿ ಫ್ರೆಂಚ್ ಕಾನ್ಸುಲೇಟಿನ ದುಭಾಷಿ, ಇನ್ನೂ ಎಳೆಯ ಶಾರ್ಲ್ ಕ್ಲೆರ್ಮೋಂ-ಗನ್ನೋ ಕಿವಿಗೂ ಗುಟ್ಟು ಬಿತ್ತು. ಕಲ್ಲು ಹೋದರೆ ಹೋಗಲಿ, ಪಡಿಯಚ್ಚಾದರೂ ಸಿಗಲೆಂದು ಅವನು ಯಾಕೂಬ್ ಕರವಾಕಾ ಎಂಬಾತನನ್ನು ಇಬ್ಬರು ಸವಾರರ ಜೊತೆ ಕಳಿಸಿದ.

ಒದ್ದೆ ಕಾಗದವನ್ನು ಅಕ್ಷರಗಳ ಮೇಲೆ ಒತ್ತಿ ಕೂರಿಸಿ, ಅದು ಒಣಗಲೆಂದು ಕಾಯುತ್ತಿದ್ದಾಗಲೇ ಬೆದೂಯಿನರಲ್ಲಿ ಜಗಳ ಹತ್ತಿಕೊಂಡಿತು. ಭರ್ಜಿಯೊಂದು ಕರವಾಕಾನ ಕಾಲಿಗೆ ನಾಟಿತು. ಸವಾರನೊಬ್ಬ ಕಲ್ಲಿದ್ದ ಗುಂಡಿಗೆ ಧುಮುಕಿ, ಹಸಿ ಕಾಗದವನ್ನು ಪರಪರ ಕಿತ್ತು ನಿಲುವಂಗಿಯೊಳಗೆ ತುರುಕಿಕೊಂಡು ಕುದುರೆ ಓಡಿಸಿದ. ಗನ್ನೋ ಕೈಗೆ ಬಂದದ್ದು ಮುದುಡಿದ ಏಳು ಹರಕು. ಅವನ್ನು ಅವನು ಎಸೆಯದಿದ್ದದ್ದೇ ಪುಣ್ಯ.

ಏಕೆಂದರೆ ಕಲ್ಲಿಗೆ ಉಳಿಗಾಲವಿರಲಿಲ್ಲ. ಅದನ್ನು ಒಪ್ಪಿಸುವಂತೆ ಒಟ್ಟೊಮನ್ ಅಧಿಕಾರಿಗಳು ಜೋರು ಮಾಡಿದಾಗ, ಅವರನ್ನು ಕಂಡರಾಗದ ಬೆದೂಯಿನರು ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ ಮೇಲೆ ತಣ್ಣೀರು ಸುರಿದರು. ಸಿಡಿದ ಚೂರುಗಳನ್ನು ಹಂಚಿಕೊಂಡು, ದವಸ ಹೆಚ್ಚಲೆಂದು ತಮ್ಮ ತಮ್ಮ ಕಣಜಗಳಲ್ಲಿಟ್ಟರು.

ಗನ್ನೋ ಪಟ್ಟು ಬಿಡಲಿಲ್ಲ. ಚೂರುಗಳನ್ನು ಒಂದೊಂದಾಗಿ ಕೊಳ್ಳುತ್ತ ಹೋದ. ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ವಾರನ್ ಕೈಗೂ ಕೆಲವು ಸೇರಿದವು. ಕೊನೆಗೆ ಸುಮಾರು ಮೂರರಲ್ಲಿ ಎರಡು ಪಾಲು ಕಲ್ಲು ಕೂಡಿತು. ಇಲ್ಲದ ಭಾಗವನ್ನು ಆ ಏಳು ಹರಕುಗಳು ತುಂಬಿಕೊಟ್ಟವು. ಪ್ಯಾರಿಸಿನ ಲೂವ್ರ್ ಮ್ಯೂಸಿಯಂನಲ್ಲಿ ಶಾಸನ ಮತ್ತೆ ಎದ್ದು ನಿಂತಿತು.

ಅದನ್ನು ಬರೆಸಿದವನು ಕ್ರಿ.ಪೂ. 9ನೆಯ ಶತಮಾನದಲ್ಲಿ ಆ ಸೀಮೆಯಲ್ಲಿದ್ದ ಮೋವಾಬ್ ರಾಜ್ಯದ ಅರಸ ಮೇಷ, ಬೈಬಲಿನಲ್ಲೂ ಹೆಸರಿರುವ ಇಸ್ರೇಲಿನ ವೈರಿ. ತನ್ನ ದೇವರು ಕೆಮೋಷನ ಅಪ್ಪಣೆಯಂತೆ ಇಸ್ರೇಲಿನ ಕೈಲಿದ್ದ ನೆಬೋ ಊರನ್ನು ಹಿಡಿದು, ಹೆಂಗಸರೂ ಸೇರಿದಂತೆ 7,000 ಜನರನ್ನು ಕೊಂದು ದೇವರಿಗೆ ಅರ್ಪಿಸಿದೆನೆಂದು ಅವನು ಕೆತ್ತಿಸಿದ್ದ. ಇಸ್ರೇಲ್ ಎಂದೆಂದಿಗೂ ನಿರ್ನಾಮವಾಯಿತೆಂದೂ ಕೊಚ್ಚಿಕೊಂಡಿದ್ದ. ಆದರೆ ಆ ರಾಜ್ಯ ಆಮೇಲೂ ನೂರು ವರ್ಷಕ್ಕೂ ಮಿಕ್ಕಿ ಬಾಳಿತು. ಗೆದ್ದ ರಾಜರ ಶಾಸನಗಳನ್ನು ಓದಿ ಬಲ್ಲವರಿಗೆ ಇದೇನು ಹೊಸದಲ್ಲ.

ಕ್ರೈಸ್ತರ ಆ ಹಳೆಯ ತಲೆನೋವಿನ ಗಂಟು ಸಡಿಲವಾದದ್ದು ಇಲ್ಲಿ. ಒಬ್ಬರನ್ನೂ ಬಿಡದೆ ಕೊಂದು ದೇವರಿಗೆ ಮುಡಿಪಿಟ್ಟೆವು ಎನ್ನುವ ಮಾತು ಬೈಬಲಿನ ಸೊತ್ತಲ್ಲ, ಆ ಸೀಮೆಯ ರಾಜರ ಯುದ್ಧಭಾಷೆ ಎಂದು ಅನೇಕ ವಿದ್ವಾಂಸರು ಕಂಡುಕೊಂಡರು. ಸಮುವೇಲನ ಪುಸ್ತಕವೇ ಅದಕ್ಕೆ ಸಾಕ್ಷಿ: 15ನೆಯ ಅಧ್ಯಾಯದಲ್ಲಿ ನಿರ್ನಾಮವಾದ ಅಮಾಲೇಕ್ಯರು 30ನೆಯ ಅಧ್ಯಾಯದಲ್ಲಿ ಬಂದು ಚಿಕ್ಲಗ್ ಊರನ್ನು ಸುಟ್ಟರು. ಹೀಗೆ ಸತ್ತವರ ಲೆಕ್ಕವೇನೋ ತಗ್ಗಿತು, ಕೊಲ್ಲೆಂಬ ಅಪ್ಪಣೆ ಮಾತ್ರ ಪುಟದ ಮೇಲೆ ಹಾಗೆಯೇ ಇದೆ. ಅದು ದೇವರದೋ, ದೇವರ ಹೆಸರಿನಲ್ಲಿ ರಾಜರದೋ ಎಂಬಲ್ಲಿ ಕ್ರೈಸ್ತ ಪಂಡಿತರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ.